ಒಂದನೇ ನಂಬರಿನ ಹಾಲು

"ಇನ್ನೊಂದ್ಸಲ ನೋಡವ್ವ ಧನಲಕ್ಷ್ಮಿ. ಏನೋ ಎಚ್ಚುಕಮ್ಮಿ ಆಗಿರ್ಬೇಕು," ಎಂದಳು ಅಜ್ಜಿ.

ಬಸವನಕೊಪ್ಪಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವುದು ಧನಲಕ್ಷ್ಮಿಯ ಕೆಲಸ. ಅವಳು ಇನ್ನೊಂದು ಗಾಜಿನ ಕೊಳವೆ ತೆಗೆದುಕೊಂಡಳು. ಅಜ್ಜಿಯ ಕ್ಯಾನಿನಿಂದ ಸ್ವಲ್ಪ ಹಾಲು ಹಾಕಿ, ಅಷ್ಟೇ ಔಷಧಿ ಬಿಟ್ಟು, ಅಲ್ಲಾಡಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಕೊಳವೆಯಲ್ಲಿದ್ದ ಹಾಲು ಅರಿಶಿನ ಕಲಸಿದ ಹಾಗೆ ಹಳದಿಯಾಯಿತು.

ಸಾಲಿನಲ್ಲಿ ನಿಂತಿದ್ದವರೆಲ್ಲ ಕತ್ತು ಚಾಚಿದರು.

"ಯೂರಿಯಾ ಐತೆ ದೊಡ್ಡವ್ವ," ಎಂದಳು ಧನಲಕ್ಷ್ಮಿ. ಮೆಲ್ಲಗೇ ಹೇಳಿದಳು. ಆದರೆ ಇಂಥ ಮಾತಿಗೆ ಊರಿನ ಕಿವಿ ಬಹಳ ಚುರುಕು. ಬಾಗಿಲ ಹೊರಗೆ ಸೈಕಲ್ ನಿಲ್ಲಿಸುತ್ತಿದ್ದವರಿಗೂ ಅದು ಕೇಳಿಸಿತು.

ಹಾಲಿಗೆ ನೀರು ಬೆರೆಸುವ ಕೆಲವರು, ಹಾಲು ತೆಳ್ಳಗಾಗಿದ್ದು ಮೆಷಿನ್ನಿಗೆ ಗೊತ್ತಾಗದಿರಲಿ ಎಂದು ಯೂರಿಯಾ ಹಾಕುತ್ತಾರೆ. ಹೊಲಕ್ಕೆ ಎರಚುವ ಅದೇ ಬಿಳಿ ಗೊಬ್ಬರ. ಅಂಥವರನ್ನು ಹಿಡಿಯಲೆಂದೇ ಹಾಸನದಿಂದ ಹೊಸ ಕಿಟ್ ಬಂದು ಎಂಟು ದಿನವೂ ಆಗಿರಲಿಲ್ಲ. ಆ ಕಿಟ್ಟಿಗೆ ಮೊದಲು ಸಿಕ್ಕಿದ್ದು, ಯಾರೂ ಕನಸಿನಲ್ಲೂ ಎಣಿಸದಿದ್ದ ಜಯಲಕ್ಷ್ಮಮ್ಮನ ಹಾಲು.

ಜಯಲಕ್ಷ್ಮಮ್ಮ ಎಂದರೆ ಈ ಅಜ್ಜಿಯೇ, ಎಲ್ಲರೂ ಅನು ಎಂದು ಕರೆಯುವ ಅನುಶ್ರೀಯ ಅಜ್ಜಿ. ಆ ಡೈರಿಯ ಒಂದನೇ ನಂಬರಿನ ಸದಸ್ಯೆ. ಡೈರಿ ಶುರುವಾದ ದಿನ ಮೊದಲು ಹಾಲು ಹಾಕಿದವಳು ಅವಳೇ. ಯಾರಾದರೂ ತಮ್ಮ ಹಾಲಿನ ಗುಣದ ಬಗ್ಗೆ ಜಗಳ ತೆಗೆದರೆ, "ಒಂದನೇ ನಂಬ್ರು ಹಾಲು ತಂದು ಪಕ್ಕದಲ್ಲಿಡಿ, ಗೊತ್ತಾಯ್ತದೆ" ಎನ್ನುವುದು ಊರಿನ ರೂಢಿಯಾಗಿತ್ತು.

ಹಿಂದೆ ನಿಂತಿದ್ದ ಸಣ್ಣಯ್ಯ ಗಂಟಲು ಸರಿ ಮಾಡಿಕೊಂಡ. ಹೊರಗೆ ತುಂತುರು ಮಳೆ ಇದ್ದುದರಿಂದ ಅವನ ತಲೆಯ ಮೇಲೆ ಖಾಲಿ ಗೊಬ್ಬರದ ಚೀಲದ ಕೊಪ್ಪೆ ಇತ್ತು. "ಒಂದನೇ ನಂಬ್ರೇ ಇಂಗಾದ್ರೆ, ನಂದು ನಲವತ್ತೇಳ್ನೇ ನಂಬ್ರು. ನನ್ ಗತಿ ಏನಪ್ಪ," ಎಂದ. ಒಂದಿಬ್ಬರು ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕರು.

ಡೈರಿಯ ಸೆಕ್ರೆಟರಿ ನಟರಾಜು ತಲೆ ಕೆರೆದುಕೊಂಡ. "ಬೇಜಾರ್ ಮಾಡ್ಕಬ್ಯಾಡಿ ದೊಡ್ಡವ್ವ. ಸರ್ಕಾರದ್ ರೂಲ್ಸು. ಸ್ಯಾಂಪಲ್ ಸೀಲ್ ಮಾಡಿ ಇಡ್ಬೇಕು. ಹಾಸನದಿಂದ ಸಾಹೇಬ್ರು ಬಂದು ನೋಡೋಗಂಟ ನಿಮ್ಮ ಹಾಲು ತಗಳಂಗಿಲ್ಲ."

ಅವನು ಒಂದು ಸಣ್ಣ ಬಾಟಲಿಗೆ ಹಾಲು ತುಂಬಿ, ಅರಗು ಹಚ್ಚಿ, ಅಜ್ಜಿಯ ಸಹಿ ಹಾಕಿಸಿಕೊಂಡ. ಆಮೇಲೆ ಕಪ್ಪು ಹಲಗೆಯ ಮೇಲೆ "ನಂ. 1 – ತಡೆ" ಎಂದು ಬರೆದ. ಸೀಮೆಸುಣ್ಣ ಕಿರ್ರೆಂದಿತು.

ಅಜ್ಜಿ ಕ್ಯಾನಿಗೆ ಮುಚ್ಚಳ ಹಾಕಲು ಪಕ್ಕಕ್ಕೆ ಕೈ ಚಾಚಿದಳು.

ಮುಚ್ಚಳ ಅನುವಿನ ಕೈಯಲ್ಲಿತ್ತು. ಐದನೇ ಕ್ಲಾಸಿನ ಅನು ದಿನಾ ಬೆಳಿಗ್ಗೆ ಅಜ್ಜಿಯ ಜೊತೆ ಡೈರಿಗೆ ಬರುವವಳು. ಅವಳು ಮುಚ್ಚಳವನ್ನು ಎದೆಗೆ ಒತ್ತಿ ಹಿಡಿದು, ಕಣ್ಣು ಮಿಟುಕಿಸದೆ ಆ ಹಳದಿ ಕೊಳವೆಯನ್ನೇ ನೋಡುತ್ತಿದ್ದಳು.

ಯೂರಿಯಾ ಎಲ್ಲಿಂದ ಬಂತು ಎನ್ನುವುದು ಆ ಇಡೀ ಡೈರಿಯಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು.

*

ಹಿಂದಿನ ದಿನ ನಡೆದದ್ದು ಇಷ್ಟು. ಮಳೆ ಬಿದ್ದು ನೆಲ ಹದವಾಗಿತ್ತು. ಮೊಣಕಾಲುದ್ದ ಬೆಳೆದಿದ್ದ ಮುಸುಕಿನ ಜೋಳಕ್ಕೆ ಯೂರಿಯಾ ಹಾಕಬೇಕಿತ್ತು. ಅನುವಿನ ಅಪ್ಪ ಅರುಣ್‌ಕುಮಾರ್ ಮತ್ತು ಅಮ್ಮ ಸೌಜನ್ಯ ಹೊಲದ ಆ ತುದಿಯಲ್ಲಿದ್ದರು. ಗೊಬ್ಬರ ತಂದುಕೊಡುವ ಕೆಲಸ ಅನುವಿನದು.

ಬಿದಿರಿನ ಮಂಕರಿಯಲ್ಲಿ ತುಂಬಿದರೆ ಸಣ್ಣ ಕಾಳಿನ ಯೂರಿಯಾ ದಾರಿಯುದ್ದಕ್ಕೂ ಸೋರುತ್ತಿತ್ತು. ಬಕೆಟ್ಟು ಅಪ್ಪನ ಹತ್ತಿರ ಇತ್ತು. ಕೊಟ್ಟಿಗೆಯ ಕಟ್ಟೆಯ ಮೇಲೆ ಹಾಲಿನ ಕ್ಯಾನು ಬೋರಲಾಗಿ ಒಣಗುತ್ತಿತ್ತು. ಹಿಡಿಕೆ ಬೇರೆ ಇದೆ, ತೂತಿಲ್ಲ. ಎರಡೇ ಸಲ ತಾನೇ, ಆಮೇಲೆ ತೊಳೆದರಾಯಿತು ಎಂದುಕೊಂಡಳು ಅನು.

ಎರಡನೆಯ ಸಲ ಮಳೆ ಹನಿಯಿತು. ಕ್ಯಾನಿನ ತಳದಲ್ಲಿ ಉಳಿದ ಎರಡು ಹಿಡಿ ಗೊಬ್ಬರ ಒದ್ದೆಯಾಗಿ ಗಟ್ಟಿಯಾಗಿ ಅಂಟಿಕೊಂಡಿತು. ಬೆರಳಿಟ್ಟರೆ ಐಸ್‌ಕ್ಯಾಂಡಿಯ ಹಾಗೆ ತಣ್ಣಗಿತ್ತು. ಅನು ಸ್ವಲ್ಪ ಹೊತ್ತು ಅದರಲ್ಲೇ ಬೆರಳಾಡಿಸಿದಳು. ಅಷ್ಟರಲ್ಲಿ ಗೆಳತಿ ನಿಧಿ ಬೇಲಿಯಾಚೆಯಿಂದ ಕೂಗಿದಳು.

"ಅನೂ, ಬೇಗ ಬಾರೆ. ನಮ್ಮನೆ ನಾಯಿಮರಿ ಕಣ್ಣು ಬಿಟ್ಟಿದೆ."

ನಾಯಿಮರಿ ಕಣ್ಣು ಬಿಟ್ಟರೆ ಯಾರು ತಾನೇ ಕಾಯುತ್ತಾರೆ? ಅನು ಕ್ಯಾನಿನ ಹೊರಮೈಯನ್ನು ಲಂಗದ ತುದಿಯಿಂದ ಒರೆಸಿ, ಕಟ್ಟೆಯ ಮೇಲೆ ಮತ್ತೆ ಬೋರಲು ಹಾಕಿದಳು. ಬಂದ ಮೇಲೆ ತೊಳೆಯೋಣ ಅಂದುಕೊಂಡಿದ್ದು ನಿಜ. ಬಂದ ಮೇಲೆ ಮರೆತದ್ದೂ ಅಷ್ಟೇ ನಿಜ.

ಸಂಜೆ ಅಡುಗೆಮನೆಯಿಂದ ಅಜ್ಜಿ ಎಂದಿನಂತೆ ಕೇಳಿದ್ದಳು. "ಕ್ಯಾನ್ ತೊಳ್ದ್ಯಾ ಮಗ?"

ಅನು ಹೋಮ್‌ವರ್ಕ್ ಬರೆಯುತ್ತಿದ್ದಳು. ತಲೆ ಎತ್ತದೆ, "ಊಂ, ತೊಳ್ದೆ" ಎಂದಳು.

ಅಮ್ಮ ತೊಳೆದ ಪಾತ್ರೆಯನ್ನೂ ಅಜ್ಜಿ ಮೂಸಿ, ಒಳಗೆ ಕೈಯಾಡಿಸಿ ನೋಡುವವಳು. ಆದರೆ ಅನು ತೊಳೆದ ಕ್ಯಾನನ್ನು ಮಾತ್ರ ನೋಡುತ್ತಿರಲಿಲ್ಲ. "ನಮ್ಮನು ತೊಳ್ದಿರೋ ಕ್ಯಾನಲ್ಲಿ ಮಕ ನೋಡ್ಕಬೌದು" ಎಂದು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಬೆಳಿಗ್ಗೆ ಕರೆಂಟ್ ಇರಲಿಲ್ಲ. ಚುಕ್ಕಿ ಹಸುವಿನ ಹಾಲು ಕರೆದು ಅಜ್ಜಿ ಕತ್ತಲಲ್ಲೇ ಕ್ಯಾನಿಗೆ ಸುರಿದಿದ್ದಳು.

*

ಮನೆಗೆ ಬಂದ ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸೀದಾ ಒಲೆಯ ಮುಂದೆ ಹೋದಳು. ವಾಪಸ್ ತಂದ ಹಾಲನ್ನು ಪಾತ್ರೆಗೆ ಬಗ್ಗಿಸಿ ಕಾಯಲು ಇಟ್ಟಳು.

"ಏನ್ ಮಾಡ್ತಿದೀರತ್ತೆ?" ಎಂದಳು ಅಮ್ಮ.

"ನಮ್ ಚುಕ್ಕಿ ಆಲು ನಾನು ಕುಡೀತೀನಿ. ಒಂದ್ ಚೊಂಬು ಕುಡ್ದು ಡೈರಿ ಕಟ್ಟೆ ಮ್ಯಾಲೆ ಓಗಿ ಕುಂತ್ಕತೀನಿ. ಅದ್ರಲ್ಲಿ ಇಸ ಐತಾ ಇಲ್ವಾ ಎಲ್ರೂ ನೋಡ್ಲಿ. ನಂಗೆ ಅವ್ರ ಬಣ್ಣದ ನೀರು ಗೊತ್ತಿಲ್ಲ. ನನ್ ಹಸ ಗೊತ್ತು."

ಹಾಲು ಉಕ್ಕಿತು. ಅಜ್ಜಿ ಲೋಟಕ್ಕೆ ಬಗ್ಗಿಸಿಕೊಂಡು, ಎತ್ತಿ ಎತ್ತಿ ಸುರಿದು ಆರಿಸಿದಳು. ಅನು ಸ್ಕೂಲ್ ಬ್ಯಾಗ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಹೇಳಬೇಕು ಎಂದು ಬಾಯಿ ತೆರೆದಳು. ಲೋಟ ಅಜ್ಜಿಯ ತುಟಿಯ ಹತ್ತಿರ ಹೋಯಿತು.

"ಕುಡೀಬ್ಯಾಡ ಅಜ್ಜಿ."

ಅಜ್ಜಿ ತಿರುಗಿ ನೋಡಿದಳು.

"ಕುಡೀಬ್ಯಾಡ. ಅದ್ರಲ್ಲಿ ಯೂರಿಯಾ ಐತೆ. ನಾನು ಕ್ಯಾನಲ್ಲಿ ಗೊಬ್ರ ತುಂಬ್ಕೊಂಡು ಹೋಗಿದ್ದೆ. ತೊಳೀಲಿಲ್ಲ. ಸುಳ್ಳು ಹೇಳ್ದೆ."

ಒಮ್ಮೆ ಶುರುವಾದ ಮೇಲೆ ಎಲ್ಲವೂ ಬಂತು. ಮಂಕರಿ, ಮಳೆ, ನಾಯಿಮರಿ, ತಣ್ಣಗಿನ ಗೊಬ್ಬರ, ಎಲ್ಲ. ಅಮ್ಮ ತಲೆಯ ಮೇಲೆ ಕೈ ಇಟ್ಟುಕೊಂಡಳು. ಅಜ್ಜಿ ಬೈಯುತ್ತಾಳೆ, ಸೌಟು ತಗೊಂಡು ಬರುತ್ತಾಳೆ ಎಂದು ಅನು ಕಣ್ಣು ಮುಚ್ಚಿ ನಿಂತಳು.

ಸೌಟು ಬರಲಿಲ್ಲ. ಕಣ್ಣು ಬಿಟ್ಟಾಗ ಅಜ್ಜಿ ಪಾತ್ರೆಯನ್ನು ಎತ್ತಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದಳು. ಹಸುಗಳು ನೀರು ಕುಡಿಯುವ ತೊಟ್ಟಿಯನ್ನು ದಾಟಿ, ಚರಂಡಿಯನ್ನು ದಾಟಿ, ಕೊನೆಯ ತೆಂಗಿನ ಮರದ ಬುಡದಲ್ಲಿ ಗುದ್ದಲಿಯಿಂದ ಗುಂಡಿ ತೆಗೆದಳು. ಹಾಲು ಸುರಿದು ಮಣ್ಣು ಮುಚ್ಚಿದಳು. "ಮರುಕ್ಕಾದ್ರೂ ಆಗ್ಲಿ" ಎಂದಿಷ್ಟೇ ಹೇಳಿದಳು.

ಅದನ್ನೂ ಮರಕ್ಕೆ ಹೇಳಿದಳೋ ಅನುವಿಗೆ ಹೇಳಿದಳೋ ಗೊತ್ತಾಗಲಿಲ್ಲ. ಆ ದಿನ ಪೂರ್ತಿ ಅಜ್ಜಿ ಅನುವಿನ ಜೊತೆ ಬೇರೆ ಮಾತಾಡಲಿಲ್ಲ. ಎರಡೇಟು ಕೊಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಸಂಜೆ ಅಪ್ಪ ಒಂದು ಉಪಾಯ ತಂದ. "ಆ ಬಾಟ್ಲಿ ಇನ್ನೂ ಡೈರಿ ಫ್ರಿಜ್ಜಲ್ಲೇ ಐತಂತೆ ಅವ್ವ. ನಟರಾಜು ನನ್ ಕ್ಲಾಸ್‌ಮೇಟು. ಒಂದ್ ಮಾತು ಹೇಳಿದ್ರೆ ಚೆಲ್ಬುಡ್ತಾನೆ. ಇಲ್ಲಿಗೇ ಮುಗೀತದೆ."

"ತಿಪ್ಪೆ ಸಾರಿಸೋ ಕೆಲ್ಸ ಬ್ಯಾಡ ಕಣ್ಲಾ," ಎಂದಳು ಅಜ್ಜಿ. "ಇವತ್ತು ನಂದು ಚೆಲ್ತಾನೆ. ನಾಳೆ ಯಾವನೋ ಬೇಕಂತ್ಲೇ ಬೆರೆಸ್ತಾನೆ, ಅವಂದೂ ಚೆಲ್ತಾನೆ. ಆಮೇಲೆ ಆ ಕಿಟ್ಟು ಯಾಕೆ, ಡೈರಿ ಯಾಕೆ? ಸಾಹೇಬ್ರು ಬರ್ಲಿ."

*

ಸಾಹೇಬರು ಬರಲು ಮೂರು ದಿನವಾಯಿತು.

ಮನೆಯ ತುಂಬ ಹಾಲು. ಮೊಸರು, ಮಜ್ಜಿಗೆ, ಮತ್ತೆ ಮೊಸರು. ಬೇರೆ ದಿನವಾದರೆ ಅನುವಿಗೆ ಹಬ್ಬ. ಈಗ ಮೊಸರನ್ನ ತಟ್ಟೆಯಲ್ಲೇ ಉಳಿಯುತ್ತಿತ್ತು. ಶಾಲೆಯಲ್ಲಿ ನಿಧಿ ಹತ್ತಿರ ಬಂದು, "ನಿಮ್ಮಜ್ಜಿ ನಂಬರ್ ಬೋರ್ಡಲ್ಲಿ ಹಾಕವ್ರಂತೆ, ಹೌದೇನೆ? ನೀರು ಬೆರೆಸ್ತಿದ್ರಂತೆ?" ಎಂದು ಕೇಳಿದಳು. ಅನು ಟಿಫನ್ ಡಬ್ಬಿ ಮುಚ್ಚಿ ಎದ್ದು ಹೋದಳು.

ಮೂರನೇ ದಿನ ಬೆಳಿಗ್ಗೆ ಡೈರಿಯ ಮುಂದೆ ಒಂದು ಬೈಕ್ ನಿಂತಿತು. ಹೆಲ್ಮೆಟ್ ತೆಗೆದವರು ಹಾಸನದಿಂದ ಬಂದ ಅಧಿಕಾರಿ ಶಶಿಕಿರಣ್. ವಯಸ್ಸು ಅಪ್ಪನಷ್ಟೇ. ಬಾಟಲಿಯ ಅರಗು ನೋಡಿದರು, ತಾವೇ ಇನ್ನೊಂದು ಸಲ ಪರೀಕ್ಷೆ ಮಾಡಿದರು. ಮತ್ತೆ ಹಳದಿ. ಕುರ್ಚಿ ಎಳೆದು ಅಜ್ಜಿಗೆ ಕೂರಲು ಹೇಳಿದರು. ಅಜ್ಜಿ ಕೂರಲಿಲ್ಲ.

"ಹೇಗಾಯ್ತು ಅಜ್ಜಿ?"

ಹಾಲು ಹಾಕಲು ಬಂದವರು ಹಾಕಿ ಹೋಗದೆ ಅಲ್ಲೇ ನಿಂತಿದ್ದರು. ಅಪ್ಪನೂ ಇದ್ದ. ಅನು ಅಜ್ಜಿಯ ಸೀರೆಯ ಹಿಂದೆ ನಿಂತು ನೆಲ ನೋಡುತ್ತಿದ್ದಳು. ಈಗ ತನ್ನ ಹೆಸರು ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ನಂದೇ ತಪ್ಪು ಸಾ," ಎಂದಳು ಅಜ್ಜಿ. "ಜ್ವಾಳಕ್ಕೆ ಗೊಬ್ರ ಆಕಿದ್ವಿ. ಅದೇ ಕ್ಯಾನು. ಕತ್ಲಲ್ಲಿ ನಾನು ನೋಡ್ಲಿಲ್ಲ, ಆಲು ಸುರ್ದ್ಬುಟ್ಟೆ."

ಅಷ್ಟೇ. ಹೆಸರು ಬರಲೇ ಇಲ್ಲ.

ತಿಪ್ಪೆ ಸಾರಿಸಬೇಡ ಎಂದು ಮಗನಿಗೆ ಬುದ್ಧಿ ಹೇಳಿದ ಅಜ್ಜಿ, ಮೊಮ್ಮಗಳಿಗಾಗಿ ಒಂಚೂರು ತಾನೇ ಸಾರಿಸಿಬಿಟ್ಟಿದ್ದಳು. ಅನುವಿನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಆದರೆ ಇಳಿದದ್ದು ಒಂದು ಗಳಿಗೆ ಮಾತ್ರ.

"ಪಾಪ, ವಯಸ್ಸಾಯ್ತಲ್ಲ," ಎಂದ ಸಣ್ಣಯ್ಯ, ಕೊಪ್ಪೆಯೊಳಗಿನಿಂದ. "ಕಣ್ಣು ಕಾಣಾಕಿಲ್ಲ. ಇನ್ನು ಹಸ ಮಾರ್ಬುಟ್ಟು ರಾಮಾ ಕೃಷ್ಣಾ ಅಂತ ಕುಂತ್ಕಳದು ಒಳ್ಳೇದು ದೊಡ್ಡವ್ವ."

ಸುತ್ತಲಿದ್ದವರು ಹೌದು ಹೌದೆಂದು ತಲೆಯಾಡಿಸಿದರು. ಕಳ್ಳಿ ಎಂದುಕೊಂಡದ್ದಕ್ಕಿಂತ ಇದು ಅಜ್ಜಿಗೆ ಹೆಚ್ಚು ಚುಚ್ಚಿತು. ಅವಳ ಬೆನ್ನು ಸ್ವಲ್ಪ ಬಾಗಿದ್ದು ಹಿಂದೆ ನಿಂತಿದ್ದ ಅನುವಿಗೆ ಮಾತ್ರ ಕಂಡಿತು. ಚುಕ್ಕಿ ಇಲ್ಲದ ಕೊಟ್ಟಿಗೆಯಲ್ಲಿ ಅಜ್ಜಿ ಏನು ಮಾಡುತ್ತಾಳೆ ಎಂದು ಅವಳಿಗೆ ಊಹಿಸಲೂ ಆಗಲಿಲ್ಲ.

ಅವಳು ಸೀರೆಯ ಮರೆಯಿಂದ ಈಚೆ ಬಂದಳು.

"ನಮ್ಮಜ್ಜಿಗೆ ಕಣ್ಣು ಚೆನ್ನಾಗೇ ಕಾಣುತ್ತೆ. ಸೂಜಿಗೆ ದಾರ ಅವಳೇ ಪೋಣಿಸೋದು. ಕ್ಯಾನಲ್ಲಿ ಗೊಬ್ರ ತುಂಬಿದ್ದು ನಾನು. ತೊಳ್ದ್ಯಾ ಅಂತ ಅಜ್ಜಿ ಕೇಳ್ತು. ತೊಳೀದೇ ತೊಳ್ದೆ ಅಂದೋಳು ನಾನು."

ದನಿ ನಡುಗಿತು, ಆದರೆ ಕೊನೆಯವರೆಗೂ ಬಂತು. ಧನಲಕ್ಷ್ಮಿ ಕೈಯಲ್ಲಿದ್ದ ಕೊಳವೆಯನ್ನು ಸುಮ್ಮನೆ ತೊಳೆಯತೊಡಗಿದಳು. ಅಜ್ಜಿ ಅನುವಿನ ಜಡೆಯನ್ನು ಹಿಂದಕ್ಕೆ ಸರಿಸಿದಳು.

ಶಶಿಕಿರಣ್ ಅನುವನ್ನು ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಪೆನ್ನಿನ ತುದಿಯಿಂದ ಮೂಗು ಉಜ್ಜಿಕೊಂಡರು. "ಮನೇಲಿ ಗೊಬ್ಬರದ ಚೀಲ ಎಲ್ಲಿಡ್ತೀರಮ್ಮ?"

"ಕೊಟ್ಟಿಗೇಲಿ."

"ಬೂಸಾ ಎಲ್ಲಿರುತ್ತೆ?"

"ಅದರ ಪಕ್ಕದಲ್ಲೇ. ಖಾಲಿ ಯೂರಿಯಾ ಚೀಲದಲ್ಲಿ ತುಂಬಿಟ್ಟಿರ್ತೀವಿ."

"ಅಯ್ಯೋ, ಮಗು ಎಲ್ಲಾನೂ ಯೋಳ್ತದಲ್ಲ," ಎಂದು ಅಪ್ಪ ಗೊಣಗಿದ.

"ನಟರಾಜು, ನಾವೊಂದು ನೋಟಿಸ್ ಕೊಟ್ಟಿದ್ವಲ್ಲ, ಎಲ್ಲಿ?" ಎಂದರು ಶಶಿಕಿರಣ್.

ನಟರಾಜು ಗೋಡೆಯ ಕಡೆ ನೋಡಿದ. ಬಟ್ಟೆ ಅಂಗಡಿಯವರು ಕೊಟ್ಟ ದೊಡ್ಡ ಕ್ಯಾಲೆಂಡರ್ ಅಲ್ಲಿ ತೂಗುತ್ತಿತ್ತು. ಅದನ್ನು ಎತ್ತಿದಾಗ ಹಿಂದೆ ಧೂಳು ಹಿಡಿದ ನೋಟಿಸ್ ಸಿಕ್ಕಿತು. ಸರ್ಕಾರದ ಮೊಹರಿನ ಮೇಲೆ ಜೇಡ ಮನೆ ಮಾಡಿತ್ತು.

"ಜೋರಾಗಿ ಓದಮ್ಮ," ಎಂದರು ಅನುವಿಗೆ.

ಅನು ಓದಿದಳು. "ಗೊಬ್ಬರ ಮತ್ತು ಕೀಟನಾಶಕಗಳನ್ನು ಕೊಟ್ಟಿಗೆಯಲ್ಲಿ ಇಡಬಾರದು."

ಇಬ್ಬರು ತಮ್ಮ ಚಪ್ಪಲಿ ನೋಡಿಕೊಂಡರು.

"ಉಳಿದ ಗೊಬ್ಬರವನ್ನು ಕೆರೆ, ಬಾವಿ, ಹಳ್ಳಗಳ ಬಳಿ ಸುರಿಯಬಾರದು."

ಇನ್ನೂ ನಾಲ್ವರು ನೋಡಿಕೊಂಡರು.

"ಖಾಲಿ ಚೀಲ, ಡಬ್ಬಗಳನ್ನು ಬೇರೆ ಯಾವುದಕ್ಕೂ ಬಳಸಬಾರದು."

ಸಣ್ಣಯ್ಯ ಮೆಲ್ಲಗೆ ತಲೆಯ ಮೇಲಿನ ಕೊಪ್ಪೆ ತೆಗೆದು, ಮಡಿಸಿ, ಬೆನ್ನ ಹಿಂದೆ ಹಿಡಿದುಕೊಂಡ. ಈ ಸಲ ನಗು ಬಾಯಿಗೆ ಅಡ್ಡ ಹಿಡಿದ ಟವೆಲನ್ನೂ ದಾಟಿ ಬಂತು. ಕೊನೆಗೆ ಸಣ್ಣಯ್ಯನೇ ನಕ್ಕ.

ಶಶಿಕಿರಣ್ ನಗು ನಿಲ್ಲುವವರೆಗೂ ಕಾದರು. "ನೋಡಿ ಅಜ್ಜಿ, ರೂಲ್ಸಿಗೆ ನೀವು ಕಳ್ಳರೋ ಸಾಚಾನೋ ಗೊತ್ತಾಗಲ್ಲ. ಹಾಲಲ್ಲಿ ಏನಿದೆ ಅನ್ನೋದಷ್ಟೇ ಅದಕ್ಕೆ ಬೇಕು. ಈ ಹಾಲು ಹೋಗಿ ಯಾವುದೋ ಊರಲ್ಲಿ ಯಾವುದೋ ಮಗುವಿನ ಬಾಟ್ಲಿ ಸೇರುತ್ತೆ. ಆ ಮಗುವಿಗೆ ಒಂದನೇ ನಂಬರೂ ಒಂದೇ, ನಲವತ್ತೇಳೂ ಒಂದೇ."

"ದಿಟ್ವಾದ್ ಮಾತು ಸಾ," ಎಂದಳು ಅಜ್ಜಿ.

"ಗೊಬ್ಬರ ಕೊಟ್ಟಿಗೆಯಿಂದ ಆಚೆ ಹೋಗ್ಬೇಕು. ನಾಳೆಯಿಂದ ಮೂರು ದಿನ ನಿಮ್ಮ ಹಾಲು ಪರೀಕ್ಷೆ ಆಗ್ಲಿ. ಸರಿ ಇದ್ರೆ ತಡೆ ತೆಗೀತಾರೆ. ಇದೇ ಮಾತು ಊರಿಗೆಲ್ಲ. ಮುಂದಿನ ತಿಂಗಳು ಬಂದು ಎಲ್ಲರ ಕೊಟ್ಟಿಗೇನೂ ನೋಡ್ತೀನಿ."

*

ಅವತ್ತೇ ಅಪ್ಪ ಗೊಬ್ಬರದ ಚೀಲಗಳನ್ನು ಪಂಪ್‌ಹೌಸಿಗೆ ಸಾಗಿಸಿ, ಹಲಗೆಯ ಮೇಲೆ ಜೋಡಿಸಿದ. ಬೂಸಾಕ್ಕೆ ಹೊಸ ಡ್ರಮ್ ಬಂತು. ಅನು ಗೊಬ್ಬರದ ಬಕೆಟ್ಟಿನ ಸುತ್ತ ಕೆಂಪು ಪೇಂಟಿನಲ್ಲಿ ಒಂದು ದಪ್ಪ ಗೆರೆ ಎಳೆದಳು. ಕೆಂಪು ಗೆರೆಯದ್ದು ಗೊಬ್ಬರಕ್ಕೆ ಮಾತ್ರ. ಕತ್ತಲಲ್ಲೂ ಗೊತ್ತಾಗಲಿ ಎಂದು ಹಿಡಿಕೆಗೆ ಒಂದು ಹಗ್ಗವನ್ನೂ ಸುತ್ತಿದಳು.

ಮಾರನೆಯ ದಿನ ನಿಧಿ ತನ್ನ ಮನೆಯ ಬಕೆಟ್ ತಂದಳು. ಬಕೆಟ್ಟಿನೊಳಗೆ ನಾಯಿಮರಿಯೂ ಇತ್ತು. ಸಂಜೆಗೆ ಸಣ್ಣಯ್ಯನೂ ಬಂದ, ಕೈಯಲ್ಲಿ ಸೊಟ್ಟ ಬಕೆಟ್ಟು, ತಲೆಯ ಮೇಲೆ ಹೊಸ ಛತ್ರಿ.

"ನಂದುಕ್ಕೂ ಒಂದ್ ಗೆರೆ ಎಳ್ದ್ಬುಡು ಕಣವ್ವ," ಎಂದ. ಆಮೇಲೆ ಅಜ್ಜಿಯ ಕಡೆ ತಿರುಗಿ, "ಹಸ ಮಾರೋ ಮಾತು ಬಾಯ್ತಪ್ಪಿ ಬಂತು ದೊಡ್ಡವ್ವ" ಎಂದ. ಅಜ್ಜಿ ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟಳು.

ಮೂರು ದಿನವೂ ಕೊಳವೆಯಲ್ಲಿ ಹಳದಿ ಕಾಣಲಿಲ್ಲ. ಮೂರನೆಯ ದಿನ ಧನಲಕ್ಷ್ಮಿ ಒದ್ದೆ ಬಟ್ಟೆಯಿಂದ ಕಪ್ಪು ಹಲಗೆಯನ್ನು ಒರೆಸಿದಳು. ಒಂದನೇ ನಂಬರಿನ ಹಾಲು ಮತ್ತೆ ದೊಡ್ಡ ಕ್ಯಾನಿಗೆ ಬಿತ್ತು.

ಅನುವಿಗೆ ಖುಷಿಯಾಯಿತು. ಆದರೆ ಒಳಗೊಂದು ಮುಳ್ಳು ಉಳಿದಿತ್ತು. ಆ ಘಟನೆಯಾದ ಮೇಲೆ ಕ್ಯಾನನ್ನು ಅಮ್ಮ ತೊಳೆಯುತ್ತಿದ್ದಳು, ಅಜ್ಜಿ ಮೂಸಿ ನೋಡುತ್ತಿದ್ದಳು. ಇನ್ನು ಆ ಕೆಲಸ ತನಗೆ ಬರುವುದಿಲ್ಲ ಎಂದು ಅನು ತಿಳಿದುಕೊಂಡಿದ್ದಳು. ಕೇಳುವ ಧೈರ್ಯವೂ ಇರಲಿಲ್ಲ.

ಆ ಸಂಜೆ ಕೊಟ್ಟಿಗೆಯ ಕಟ್ಟೆಯ ಮೇಲೆ ಕ್ಯಾನು ತೊಳೆಯದೆ ಹಾಗೇ ಇತ್ತು. ಅನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಲ್ಲಿಯ ಕೆಳಗೆ ಕೂತು, ಬೂದಿ ಹಾಕಿ, ತೆಂಗಿನ ನಾರಿನಿಂದ ತಳದವರೆಗೂ ಕೈ ಇಳಿಸಿ ಉಜ್ಜಿದಳು. ಬಿಸಿನೀರಿನಲ್ಲಿ ಮೂರು ಸಲ ಜಾಲಿಸಿ ಬೋರಲು ಹಾಕಿದಳು.

ಹೋಮ್‌ವರ್ಕಿಗೆ ಕೂತಾಗ ಅಡುಗೆಮನೆಯಿಂದ ಅಜ್ಜಿಯ ದನಿ ಬಂತು. ಅದೇ ದನಿ, ಅದೇ ಮಾತು.

"ಕ್ಯಾನ್ ತೊಳ್ದ್ಯಾ ಮಗ?"

ಅನು ಪೆನ್ಸಿಲ್ ಕೆಳಗಿಟ್ಟಳು. ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ, ಅಜ್ಜಿಯ ಮುಖ ನೋಡಿ, "ತೊಳ್ದೆ ಅಜ್ಜಿ" ಎಂದಳು.

"ಊಂ," ಎಂದು ಅಜ್ಜಿ ಸಾರಿಗೆ ಒಗ್ಗರಣೆ ಹಾಕಿದಳು.

ಬೆಳಿಗ್ಗೆ ಮತ್ತೆ ಕರೆಂಟ್ ಇರಲಿಲ್ಲ. ಅನು ಯಾರೂ ಎಬ್ಬಿಸದೆ ಎದ್ದು, ಟಾರ್ಚ್ ಹಿಡಿದು ಕೊಟ್ಟಿಗೆಗೆ ಬಂದಳು. ಹಾಲು ಕರೆದು ಮುಗಿದಿತ್ತು. ಅಜ್ಜಿ ನೋಡಲಿ ಎಂದು ಅನು ಟಾರ್ಚಿನ ಬೆಳಕನ್ನು ಕ್ಯಾನಿನ ಒಳಗೆ ಬಿಟ್ಟಳು. ಕ್ಯಾನಿನ ತಳ ಹೊಸ ತಟ್ಟೆಯ ಹಾಗೆ ಹೊಳೆಯಿತು.

ಅಜ್ಜಿ ಅತ್ತ ತಿರುಗಲೂ ಇಲ್ಲ.

"ಬೆಳಕು ಈ ಕಡೆ ಬಿಡು ಮಗ. ಕರುವಿನ ಕಾಲಿಗೆ ಅಗ್ಗ ಸುತ್ಕಂಡದೆ," ಎಂದಳು. ಬಾಗಿ ಕರುವಿನ ಕಾಲು ಬಿಡಿಸಿದಳು. ಆಮೇಲೆ ಕ್ಯಾನಿನೊಳಗೆ ಇಣುಕದೆ, ಮೂಸದೆ, ಕೈಯಾಡಿಸದೆ, ಕರೆದ ಪಾತ್ರೆಯ ಹಾಲನ್ನು ಪೂರ್ತಿ ಅದಕ್ಕೆ ಸುರಿದಳು.

ಖಾಲಿ ಕ್ಯಾನಿನ ತಳಕ್ಕೆ ಹಾಲು ಬಿದ್ದು ಸದ್ದಾಯಿತು. ಅನು ಉಸಿರು ಬಿಗಿಹಿಡಿದು ಕೇಳಿದಳು. ಸದ್ದು ತುಂಬುತ್ತಾ ತುಂಬುತ್ತಾ ನಿಂತಿತು. ಅವಳು ಟಾರ್ಚ್ ಆರಿಸಿ, ಮುಚ್ಚಳವನ್ನು ಅಜ್ಜಿಯ ಕೈಗೆ ಕೊಟ್ಟಳು.